ಶ್ರೀಶೈಲದ ಕಾಡುಹಾದಿಗೆ ಸರದಿ ಬೇಕು

ಯುಗಾದಿ ಹತ್ತಿರವಾದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಭಕ್ತರು ಕಂಬಿ ಹೊತ್ತು ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆ ಹೊರಡುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ದಾರಿಯ ಊರುಗಳಲ್ಲಿ ರೊಟ್ಟಿ, ಮಜ್ಜಿಗೆಯ ದಾಸೋಹ. ಗುಳ್ಳೆಯೆದ್ದ ಪಾದಗಳಿಗೆ ಎಣ್ಣೆ ಹಚ್ಚುವ ಕೈಗಳೂ ಇವೆ.

ಕಷ್ಟವಿರುವುದು ಆಂಧ್ರದ ನಲ್ಲಮಲ ಕಾಡಿನಲ್ಲಿ. ನಾಗಲೂಟಿಯಿಂದ ಪೆದ್ದಚೆರುವು, ಭೀಮನಕೊಳ್ಳದ ಮೂಲಕ ಕೈಲಾಸ ಬಾಗಿಲವರೆಗೆ ಕಲ್ಲುಮೆಟ್ಟಿಲು, ಕಡಿದಾದ ಏರು, ಮೇಲೆ ಬಿಸಿಲು. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ದಾರಿ ಅಗಲಿಸಿ, ಕಟ್ಟಡ ಎಬ್ಬಿಸುವ ಮಾತೇ ಸಲ್ಲದು.

ಹಾಗಾಗಿ ಒಮ್ಮೆಲೇ ಸೇರುವ ಜನರನ್ನೇ ಬೇರೆ ಬೇರೆ ದಿನಗಳಿಗೆ ಹಂಚಬೇಕು. ಯಾವ ತಂಡ ಯಾವ ದಿನ ಕಾಡು ಹೊಗುತ್ತದೆ ಎಂಬುದನ್ನು ಕರ್ನಾಟಕದ ಜಿಲ್ಲಾಡಳಿತಗಳು ಹೊರಡುವ ಊರಲ್ಲೇ ನೋಂದಾಯಿಸಿ ಆಂಧ್ರದ ಅಧಿಕಾರಿಗಳಿಗೆ ತಿಳಿಸಲಿ. ನೀರಿನ ಟ್ಯಾಂಕರ್, ಕನ್ನಡ ಬಲ್ಲ ವೈದ್ಯರು ಆ ಲೆಕ್ಕದಂತೆ ನಿಲ್ಲಲಿ. ದಾಸೋಹದವರು ಪ್ಲಾಸ್ಟಿಕ್ ಲೋಟಗಳನ್ನು ಈ ವರ್ಷವೇ ಬಿಡಲಿ.