ಒಂದು ದಂಡೆ ಹಕ್ಕಿಗೂ ಇರಲಿ

ಹೋಳಿ ಹುಣ್ಣಿಮೆ ಮುಗಿದು, ಕಲಬುರ್ಗಿ ಶರಣಬಸವೇಶ್ವರ ಜಾತ್ರೆಗೆ ಹೋಗುವ ಬಸ್ಸುಗಳು ತುಂಬುವ ಹೊತ್ತಿಗೆ ನಮ್ಮ ಸೀಮೆಯ ಕೆರೆಗಳಿಂದಲೂ ಒಂದು ಪ್ರಯಾಣ ಶುರುವಾಗುತ್ತದೆ. ಚಳಿಗಾಲ ಕಳೆಯಲು ಬಂದ ವಲಸೆ ಹಕ್ಕಿಗಳು ಉತ್ತರದ ದಾರಿ ಹಿಡಿಯುತ್ತವೆ. ಅವಕ್ಕೆ ಟಿಕೀಟಿಲ್ಲ, ಸೀಟಿಗಾಗಿ ಜಗಳವಿಲ್ಲ. ಆದರೆ ಬುತ್ತಿ ಮಾತ್ರ ಬೇಕೇ ಬೇಕು.

ಪಟ್ಟೆ ತಲೆಯ ಹೆಬ್ಬಾತು ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಸೇರಬೇಕು. ಅದು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ವಿಜ್ಞಾನಿಗಳು ಯಂತ್ರ ಕಟ್ಟಿ ಅಳೆದಿದ್ದಾರೆ. ಹೆಬ್ಬಾತು ಹುಲ್ಲು, ಕಾಳು ಮೇಯುತ್ತದೆ. ಗದ್ದೆಗೊರವ, ಸಿಪಿಲೆಯಂಥ ಸಣ್ಣ ಹಕ್ಕಿಗಳು ದಂಡೆಯ ಹಸಿ ಮಣ್ಣಿನಲ್ಲಿ ಹುಳುಹುಪ್ಪಟೆ ಹೆಕ್ಕುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ತಿಂದು ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅವುಗಳ ದಾರಿಯ ಬುತ್ತಿ.

ಈಗ ನಮ್ಮ ಮಾತಿಗೆ ಬರೋಣ. ಕಲಬುರ್ಗಿಯ ಅಪ್ಪನ ಕೆರೆಯ ಉದ್ಯಾನ ನೋಡಿ ಬಂದವರಿಗೆ ತಮ್ಮೂರ ಕೆರೆಗೂ ಅಂಥದೊಂದು ಬೇಕೆನಿಸುವುದು ಸಹಜ. ಬೇಕು, ತಪ್ಪೇನಿಲ್ಲ. ಆದರೆ ಉದ್ಯಾನ ಎಂದೊಡನೆ ನಮ್ಮವರ ಕಣ್ಣಿಗೆ ಕಾಣುವುದು ಎರಡೇ: ಶಹಾಬಾದದ ಪರಸಿ, ವಾಡಿಯ ಸಿಮೆಂಟು. ಎರಡೂ ನಮ್ಮದೇ ಸೀಮೆಯ ಮಾಲು, ಅಭಿಮಾನ ಇರಬೇಕಾದ್ದೇ. ಹಾಗಂತ ಕೆರೆಯ ಸುತ್ತಲೂ ಬೋಗುಣಿಯ ಹಾಗೆ ಗೋಡೆ ಕಟ್ಟಿಬಿಟ್ಟರೆ ಹಕ್ಕಿ ಕಾಲೂರುವುದೆಲ್ಲಿ? ಪರಸಿಯ ಮೇಲೆ ಹುಳ ಹುಟ್ಟುತ್ತದೆಯೇ?

"ಕೆಸರು ಬಿಟ್ರ ಸೊಳ್ಳಿ ಆಗ್ತಾವ್ರೀ" ಎನ್ನುವವರಿದ್ದಾರೆ. ಸ್ವಾಮಿ, ಸೊಳ್ಳೆಯ ಚಿಂತೆ ಇದ್ದರೆ ಮೊದಲು ಕೆರೆಗೆ ಹರಿಯುವ ಚರಂಡಿ ನಿಲ್ಲಿಸಿ. "ಹಕ್ಕಿ ನೋಡ್ಕೋತ ಕೂತ್ರ ಅಂಗಡಿ ನಡೀತದೇನು?" ಎಂದು ಕೇಳುವವರೂ ಇದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ನೋಡ್ರಿ. ಬೆಳೆಗೆ ನೀರುಣಿಸಲೆಂದು ಕಟ್ಟಿದ ಸಾದಾ ಕೆರೆ ಅದು. ಹೆಬ್ಬಾತುಗಳ ದೆಸೆಯಿಂದ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿಗೇ ಗೊತ್ತಾಯಿತು. ದೂರದ ಮಾತು ಬಿಡ್ರಿ, ನೆರೆಯ ಯಾದಗಿರಿ ಜಿಲ್ಲೆಯ ಸುರಪುರದ ಹತ್ತಿರ ಬೋನಾಳ ಕೆರೆ ಪಕ್ಷಿಧಾಮವಾಗಿದೆ. ನೋಡಲು ಜನ ಬಂದಲ್ಲಿ ಚಹಾದಂಗಡಿಯೂ ನಡೆಯುತ್ತದೆ, ಬಸ್ಸಿಗೂ ಮಂದಿ ಸಿಗುತ್ತದೆ.

ಸೇಡಂ, ಚಿತ್ತಾಪುರ, ಚಿಂಚೋಳಿ, ತೆಂಗಳಿ, ಎಲ್ಲಿಯೇ ಕೆರೆ ಉದ್ಯಾನದ ನಕ್ಷೆ ಹಾಕಲಿ, ನಮ್ಮ ಬೇಡಿಕೆ ಇಷ್ಟೇ. ಮೂರು ಕಡೆ ಜನರಿಗೆ ದಾರಿ, ಬೆಂಚು, ದೀಪ ಮಾಡಿ. ಒಂದು ದಂಡೆಯನ್ನು ಇಳಿಜಾರಾಗಿ, ಹಸಿ ಮಣ್ಣಾಗಿ, ಜೊಂಡು ಬೆಳೆದಂತೆಯೇ ಬಿಡಿ. ಅಲ್ಲಿ ದೋಣಿ, ಧ್ವನಿವರ್ಧಕ ಬೇಡ. ಬೇಸಿಗೆ ಬಂತೆಂದು ಮಾರ್ಚ್‌ನಲ್ಲೇ ಹೂಳೆತ್ತಲು ಜೆಸಿಬಿ ಇಳಿಸಬೇಡಿ, ಏಪ್ರಿಲ್ ಕಳೆಯಲಿ. ದೂರದಲ್ಲೊಂದು ಕಟ್ಟೆ ಹಾಕಿ, ಹಕ್ಕಿಗಳ ಹೆಸರನ್ನು ಕನ್ನಡದಲ್ಲಿ ಬರೆದ ಫಲಕ ನಿಲ್ಲಿಸಿದರೆ ಶಾಲೆ ಮಕ್ಕಳಿಗೆ ಅದೇ ಪಾಠ.

ಇದಕ್ಕೆ ಹೆಚ್ಚಿನ ಖರ್ಚೂ ಇಲ್ಲ, ಒಂದು ಕಡೆಯ ಪರಸಿ ಉಳಿಯುತ್ತದೆ. ಗುತ್ತಿಗೆದಾರರಿಗೆ ಸ್ವಲ್ಪ ಬೇಸರವಾದೀತು. ಆಗಲಿ. ದಂಡೆ ಒಮ್ಮೆ ಗೋಡೆಯಾದರೆ, ಬರುವ ಚಳಿಗಾಲದಲ್ಲಿ ಬಂದ ಹಕ್ಕಿ ಒಂದು ಸುತ್ತು ಹಾಕಿ ಬೇರೆ ಊರಿಗೆ ಹೋಗುತ್ತದೆ. ಅರ್ಜಿ ಕೊಟ್ಟು ಕರೆಸುವಂತಿಲ್ಲ.