ಕಳೆ ಕೀಳುವ ಕಂಟ್ರಾಕ್ಟು, ಕಳೆ ತಿನ್ನುವ ಹುಳು

ಹೋಟೆಲು ಕಾರ್ಮಿಕರ ಪತ್ರಿಕೆಯಲ್ಲಿ ಕೆರೆಯ ಕಳೆಯ ಮಾತೇಕೆ ಎಂದು ಕೇಳುವ ಬಂಧುಗಳಿದ್ದಾರೆ. ಸಂಬಳ, ರಜೆ, ಪ್ರಾವಿಡೆಂಟ್ ಫಂಡುಗಳ ಮಾತು ಮುಗಿಯಿತೇ ಎಂದೂ ಕೇಳಿಯಾರು. ಮುಗಿದಿಲ್ಲ, ಅದು ಮುಂದಿನ ಸಂಚಿಕೆಯಲ್ಲಿಯೂ ಇರುತ್ತದೆ. ಆದರೆ ಮುಂಬಯಿಯ ಪೊವಾಯಿ ಕೆರೆಯ ಆಸುಪಾಸಿನಲ್ಲಿ, ಕಲ್ಯಾಣದ ಉಲ್ಹಾಸ ನದಿಯ ಕಡೆಯಲ್ಲಿ ವಾಸಿಸುವವರಲ್ಲಿ ನಮ್ಮವರೂ ಇದ್ದಾರೆ. ರಾತ್ರಿ ಹೋಟೆಲಿನ ಬಾಗಿಲೆಳೆದು ಖೋಲಿಗೆ ಬಂದು ಮಲಗಿದರೆ ಸೊಳ್ಳೆಯ ಕಾಟ. ನಿಂತ ನೀರಿನ ಮೇಲೆ ಕಳೆ ಹಾಸಿಕೊಂಡರೆ ಸೊಳ್ಳೆಗೆ ಮನೆ ಕಟ್ಟಿಕೊಟ್ಟಂತೆಯೇ ಸರಿ. ಆನೆಕಾಲು ರೋಗ ಹರಡುವ ಒಂದು ಜಾತಿಯ ಸೊಳ್ಳೆಯ ಮರಿಗಳಂತೂ ಇಂತಹ ಕಳೆಗಳ ಬೇರಿಗೇ ಅಂಟಿಕೊಂಡು, ಬೇರಿನೊಳಗಿನ ಗಾಳಿಯನ್ನು ಹೀರಿ ಬೆಳೆಯುತ್ತವೆ. ಅಲ್ಲದೆ ಕಳೆ ಕೀಳಿಸುವ ಹಣವೂ ಜನರ ತೆರಿಗೆಯದೇ.

ಇಲ್ಲಿಯವರು ಇದನ್ನು ಜಲಪರ್ಣಿ ಎನ್ನುತ್ತಾರೆ. ನಮ್ಮ ಕಡೆ ಹಲವರು ಅಂತರಗಂಗೆ ಎಂದೇ ಕರೆಯುತ್ತಾರೆ. ದಪ್ಪ ಎಲೆ, ಉಬ್ಬಿದ ದಂಟು, ನೇರಳೆ ಹೂವು. ಹುಟ್ಟೂರು ದಕ್ಷಿಣ ಅಮೆರಿಕ. ಹೂವಿನ ಚೆಂದಕ್ಕೆ ಮರುಳಾದವರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದನ್ನು ಬಂಗಾಳಕ್ಕೆ ತಂದರು. ಅದು ಅಲ್ಲಿಯ ಹೊಳೆ ಗದ್ದೆಗಳನ್ನು ಹೇಗೆ ಮುಚ್ಚಿತೆಂದರೆ, 1936ರಲ್ಲಿ ಈ ಒಂದು ಗಿಡಕ್ಕಾಗಿಯೇ ಬಂಗಾಳದಲ್ಲಿ ಕಾನೂನು ಮಾಡಬೇಕಾಯಿತು. ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಒಂದಕ್ಕೆರಡಾಗುವ ಗಿಡ ಇದು. ಬೀಜವು ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದು ಕೂತಿರಬಲ್ಲದು.

ಇಂತಹ ಗಿಡವನ್ನು ಯಂತ್ರದಿಂದ ಕಿತ್ತು, ಲಾರಿಗೆ ತುಂಬಿ, ಸಾಗಿಸಿ ಮುಗಿಸುತ್ತೇವೆ ಎನ್ನುವವರಿಗೆ ನಾವು ಏನು ಹೇಳಬೇಕು? ನೂರು ಕಿಲೋ ಕಳೆಯಲ್ಲಿ ತೊಂಬತ್ತು ಕಿಲೋಗಿಂತ ಹೆಚ್ಚು ಬರೀ ನೀರು. ಲಾರಿ ಹೊರುವುದು ಕೆರೆಯ ನೀರನ್ನೇ. ಒಂದು ವರ್ಷ ಕಿತ್ತರೆ ಮರುವರ್ಷ ಮತ್ತೆ ಟೆಂಡರು. ಕಳೆ ಪೂರ್ತಿ ಹೋಗಿಬಿಟ್ಟರೆ ಕಂಟ್ರಾಕ್ಟು ಸಹ ಹೋಗುತ್ತದೆ. ಹೀಗಿರುವಾಗ ಕಳೆ ಪೂರ್ತಿ ಹೋಗಲಿ ಎಂದು ಬಯಸುವ ಕಂಟ್ರಾಕ್ಟುದಾರನನ್ನು ಎಲ್ಲಿಂದ ಹುಡುಕಿ ತರೋಣ?

ಈ ಕೆಲಸವನ್ನು ಟೆಂಡರಿಲ್ಲದೆ ಮಾಡುವ ಹುಳುವೊಂದಿದೆ. ಹೋಟೆಲಿನ ಉಗ್ರಾಣದಲ್ಲಿ ಅಕ್ಕಿಮೂಟೆ ಬಿಚ್ಚಿದವರಿಗೆ ಉದ್ದ ಮೂತಿಯ ಸಣ್ಣ ಕಪ್ಪು ಹುಳುವಿನ ಪರಿಚಯ ಹೇಳಬೇಕಾಗಿಲ್ಲ. ಅದರ ದೂರದ ಬಂಧು ಇದು. ನಿಯೋಕೆಟಿನ ಎಂಬುದು ವಿಜ್ಞಾನಿಗಳು ಕೊಟ್ಟ ಹೆಸರು. ನಾವು ಮೂತಿಹುಳು ಎನ್ನೋಣ. ಅಂತರಗಂಗೆಯ ತವರಿನದೇ ಹುಳು. ದೊಡ್ಡ ಹುಳು ರಾತ್ರಿ ಹೊತ್ತು ಎಲೆಯ ಮೇಲ್ಮೈಯನ್ನು ಕೆರೆದು ತಿನ್ನುತ್ತದೆ. ತತ್ತಿಯನ್ನು ದಂಟಿನೊಳಗೆ ಇಡುತ್ತದೆ. ಮರಿಹುಳು ದಂಟನ್ನು ಒಳಗಿಂದೊಳಗೇ ಕೊರೆಯುತ್ತ ಗಿಡದ ಬುಡಕ್ಕಿಳಿಯುತ್ತದೆ, ಕಡೆಗೆ ನೀರಿನಡಿಯ ಬೇರಿನಲ್ಲಿ ಗೂಡು ಕಟ್ಟುತ್ತದೆ. ತತ್ತಿಯಿಂದ ದೊಡ್ಡ ಹುಳುವಾಗಲು ಮೂರು ನಾಲ್ಕು ತಿಂಗಳು ಬೇಕು. ಕೊರೆದ ಕಡೆ ನೀರು ಸೇರಿ ದಂಟು ಕೊಳೆಯುತ್ತದೆ, ಗಿಡ ಕುಗ್ಗುತ್ತದೆ, ಹೂವು ಕಡಿಮೆಯಾಗುತ್ತದೆ, ಕೊನೆಗೆ ಮುಳುಗುತ್ತದೆ. ಸಂಬಳ ಕೇಳದ ಕಾಯಂ ನೌಕರ. ಮಾಲೀಕರೆಲ್ಲ ಕನಸು ಕಾಣುವಂಥವನು!

ಇದು ಬರಿಯ ಪುಸ್ತಕದ ಮಾತಲ್ಲ. 1982–83ರಲ್ಲಿ ಈ ಹುಳುವನ್ನು ಹೊರದೇಶದಿಂದ ಬೆಂಗಳೂರಿಗೆ ತರಿಸಿ, ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪರೀಕ್ಷೆ ಮಾಡಿ, ಹೆಬ್ಬಾಳ, ನಾಗವಾರ, ಬೆಳ್ಳಂದೂರು, ಬೈರಮಂಗಲದ ಕೆರೆಗಳಲ್ಲಿ ಬಿಟ್ಟರು. ಮೂರು ನಾಲ್ಕು ವರ್ಷದೊಳಗೆ ಆ ಕೆರೆಗಳ ಕಳೆ ಇಳಿದು ನೀರು ಕಾಣಿಸಿತು.

ಕೇರಳದ ಮಾತು ಇನ್ನೂ ಸ್ವಾರಸ್ಯದ್ದು. ಅಲ್ಲಿ ಕಾಟ ಕೊಟ್ಟದ್ದು ಬೇರೊಂದು ಕಳೆ, ಸಾಲ್ವೀನಿಯ. ಮಲಯಾಳಿ ಗೆಳೆಯರನ್ನು ಕೇಳಿದರೆ ಆಫ್ರಿಕನ್ ಪಾಯಲ್ ಎನ್ನುತ್ತಾರೆ, ಅದರ ತವರು ಬ್ರೆಜಿಲ್ ಆಗಿದ್ದರೂ. ದೋಣಿ ಓಡಾಡುವ ಕಾಲುವೆಗಳು ಮುಚ್ಚಿಹೋಗಿದ್ದವು. ಭತ್ತದ ಗದ್ದೆಯಿಂದ ಈ ಕಳೆಯನ್ನು ತೆಗೆಸುವುದಕ್ಕೆ ರೈತರು ಹೆಕ್ಟೇರಿಗೆ 235 ರೂಪಾಯಿ ಖರ್ಚು ಮಾಡುತ್ತಿದ್ದರು. ಆ ಕಾಲದ 235 ರೂಪಾಯಿ. ಈ ಕಳೆಗೂ ಅದರದೇ ಆದ ಮೂತಿಹುಳುವಿದೆ. ಆಸ್ಟ್ರೇಲಿಯದಿಂದ ತರಿಸಿದ ಆ ಹುಳುವನ್ನು ಮೊದಲು ಬೆಂಗಳೂರಿನ ಒಂದು ಕೊಳದಲ್ಲಿ ಬಿಟ್ಟು ನೋಡಿದರು. ಒಂದು ವರ್ಷ ತುಂಬುವ ಮೊದಲೇ ಕೊಳ ಚೊಕ್ಕಟವಾಯಿತು. ಅದೇ ಕಾಲಕ್ಕೆ ಕೇರಳದಲ್ಲೂ ಬಿಟ್ಟರು. ಮೂರು ವರ್ಷದೊಳಗೆ ಬಿಟ್ಟುಹೋಗಿದ್ದ ಕಾಲುವೆಗಳಲ್ಲಿ ದೋಣಿ ಮತ್ತೆ ಹೋಗತೊಡಗಿತು.

ಹೊರದೇಶದ ಹುಳು ನಾಳೆ ನಮ್ಮ ಬೆಳೆಗೆ ಬಿದ್ದರೆ? ಊರಲ್ಲಿ ಒಂದಿಷ್ಟು ಗದ್ದೆ ಇರುವವರೆಲ್ಲ ಇದನ್ನು ಕೇಳುತ್ತಾರೆ, ಕೇಳಲೂಬೇಕು. ಕಾಂಗ್ರೆಸ್ ಗಿಡ ತಿನ್ನಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋದ ದುಂಬಿ ಮುಂದೆ ಸೂರ್ಯಕಾಂತಿಯ ಎಲೆಯನ್ನೂ ತಿಂದಿತೆಂದು ದೊಡ್ಡ ಗದ್ದಲವೆದ್ದಿತ್ತು. ಸಮಿತಿ ಕೂತು ತನಿಖೆ ಮಾಡಿತು. ದುಂಬಿ ಸೂರ್ಯಕಾಂತಿಗೆ ಪೀಡೆಯಾಗಲಿಲ್ಲ. ಆದರೂ ಆ ಗದ್ದಲ ಒಳ್ಳೆಯದೇ ಮಾಡಿತು ಎಂಬುದು ನಮ್ಮ ಅಭಿಪ್ರಾಯ. ಹುಳುವನ್ನು ಹತ್ತಾರು ಬೆಳೆಗಳ ಮೇಲೆ ಬಿಟ್ಟು ನೋಡಿ, ತನ್ನ ಗಿಡ ಸಿಗದಿದ್ದರೆ ಹಸಿದು ಸಾಯುತ್ತದೆಯೇ ಹೊರತು ಬೇರೆಯದನ್ನು ತಿಂದು ಸಂತಾನ ಬೆಳೆಸುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬಿಡತಕ್ಕದ್ದು. ಜಲಪರ್ಣಿಯ ಮೂತಿಹುಳು ಈ ಪರೀಕ್ಷೆಯಲ್ಲಿ ಗೆದ್ದು ಬಂದದ್ದು. ನಮ್ಮ ದೇಶದಲ್ಲಿ ನಾಲ್ಕು ದಶಕ ಕಳೆದಿದೆ.

ಹಾಗಾದರೆ ಬೆಳ್ಳಂದೂರು ಯಾಕೆ ಹಾಳಾಯಿತು? ಬೆಂಗಳೂರಿನ ಬಂಧುಗಳು ಕೇಳುವ ಪ್ರಶ್ನೆ ಇದು, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಹುಳು ಗೆದ್ದ ಅದೇ ಕೆರೆಯಲ್ಲಿ ಕಳೆ ಮತ್ತೆ ಹಬ್ಬಿತು. 2015ರಲ್ಲಿ ಕೆರೆಯ ನೊರೆಗೆ ಬೆಂಕಿ ಹತ್ತಿತು, 2017 ಮತ್ತು 2018ರಲ್ಲಿ ಪುನಃ ಬೆಂಕಿ. ನಗರ ಬೆಳೆದಂತೆ ಅದರ ಕೊಳಚೆಯೆಲ್ಲ ಹರಿದು ಅಲ್ಲಿಗೇ ಬಂತು. ಕೊಳಚೆಯಲ್ಲಿರುವ ಸಾರಜನಕ, ರಂಜಕ ಕಳೆಗೆ ಹಬ್ಬದೂಟ. ಹುಳು ಒಂದು ಎಲೆ ತಿನ್ನುವಷ್ಟರಲ್ಲಿ ಗಿಡ ಮೂರು ಎಲೆ ಬಿಟ್ಟರೆ ಹುಳು ಏನು ಮಾಡೀತು? ಪಂಕ್ತಿಯಲ್ಲಿ ಒಬ್ಬ ಎಲೆ ಎತ್ತುತ್ತಿರುವಾಗ ನಾಲ್ವರು ಬಡಿಸುತ್ತ ಹೋದಂತೆ. ಪೊವಾಯಿಯಲ್ಲಿಯೂ ಸುತ್ತಲಿನ ಕೊಳಚೆ ಕೆರೆಗೆ ಸೇರುವುದನ್ನು ಮಹಾನಗರಪಾಲಿಕೆಯೇ ಒಪ್ಪಿಕೊಂಡಿದೆ. ಆದುದರಿಂದ ಕೊಳಚೆ ನಿಲ್ಲಿಸದೆ ಹುಳು ಬಿಟ್ಟು ಕೈತೊಳೆದುಕೊಳ್ಳುವ ಯೋಜನೆ ಯಾವುದಾದರೂ ಬಂದರೆ ಅದನ್ನೂ ನಾವು ವಿರೋಧಿಸುತ್ತೇವೆ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಯಂತ್ರವೂ ಹುಳುವೂ ಒಂದಕ್ಕೊಂದು ಶತ್ರುಗಳಾಗಿಬಿಡುತ್ತವೆ. ಹುಳುವಿನ ಮರಿ ದಂಟಿನಲ್ಲಿ, ಗೂಡು ಬೇರಿನಲ್ಲಿ. ಯಂತ್ರ ಬಂದು ಪೂರ್ತಿ ಬಳಿದುಕೊಂಡು ಹೋದರೆ ಕಳೆಯೊಂದಿಗೆ ಹುಳುವಿನ ಸಂಸಾರವೇ ಲಾರಿ ಹತ್ತುತ್ತದೆ. ಮಳೆಗಾಲದ ನಂತರ ಕೆಸರಿನ ಬೀಜದಿಂದ ಕಳೆ ಮೇಲೇಳುತ್ತದೆ, ಆದರೆ ತಿನ್ನುವ ಹುಳು ಇರುವುದಿಲ್ಲ. ಕಳೆನಾಶಕ ಔಷಧಿ ಹೊಡೆದರೂ ಇದೇ ಕಥೆ. ಗಿಡ ಸತ್ತರೆ ಹುಳುವಿಗೆ ಅನ್ನವಿಲ್ಲ. ಕೆರೆಯ ಒಂದು ಮೂಲೆಯನ್ನಾದರೂ ಕೀಳದೆ, ಔಷಧಿ ಹೊಡೆಯದೆ, ಬೇಲಿ ಕಟ್ಟಿ ಹುಳುವಿಗೆ ಬಿಡಬೇಕು. ಮೂರು ನಾಲ್ಕು ವರ್ಷ ಕಾಯಬೇಕು. ಕಾಯುವುದು ಮಹಾನಗರಪಾಲಿಕೆಗಳಿಗೆ ಕಷ್ಟ, ಯಾಕೆಂದರೆ ಯಂತ್ರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬಹುದು; ಅಕ್ಕಿಕಾಳಿನಷ್ಟು ಹುಳುವಿನ ಮುಂದೆ ನಿಂತು ಏನು ತೆಗೆಸಿಕೊಳ್ಳುವುದು?

ಕಡೆಯದಾಗಿ ದುಡಿಯುವವರ ಮಾತು. ಹುಳು ಬಂದರೆ ಕಳೆ ಕೀಳುವ ಕೂಲಿಯವರ ಅನ್ನ ಹೋಗುವುದಿಲ್ಲವೇ ಎಂದು ನಮ್ಮಲ್ಲಿಯೇ ಕೆಲವರು ವಾದಿಸುತ್ತಾರೆ. ಗಿರಣಿಯಲ್ಲಿ ದುಡಿದ ಹಿರಿಯರ ಬಾಯಿಂದ ಈ ಮಾತು ಬಂದರೆ ಅದನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ; 1982ರ ಮುಷ್ಕರದ ನಂತರ ಕೆಲಸ ಹೋದ ಮನೆಗಳನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆದರೆ ಸೊಂಟಮಟ್ಟ ಕೊಳಚೆಯಲ್ಲಿ ನಿಂತು ಬರಿಗೈಯಲ್ಲಿ ಕಳೆ ಎಳೆಯುವುದು ಉಳಿಸಿಕೊಳ್ಳಬೇಕಾದ ಕೆಲಸವೆಂದು ನಾವು ಒಪ್ಪುವುದಿಲ್ಲ. ಉಳಿಸಬೇಕಾದದ್ದು ಆ ಮನುಷ್ಯನನ್ನು, ಅವನ ಸಂಬಳವನ್ನು. ಹುಳುವನ್ನು ಸಾಕಿ ಬೆಳೆಸಲು ತೊಟ್ಟಿಗಳು ಬೇಕು, ಕೆರೆಯಿಂದ ಕೆರೆಗೆ ಒಯ್ಯಲು ಜನ ಬೇಕು, ತಿಂಗಳಿಗೊಮ್ಮೆ ಎಲೆಯ ಗುರುತು ಎಣಿಸಿ ಬರೆದಿಡಲು ಜನ ಬೇಕು, ಕೊಳಚೆ ಬಂದು ಬೀಳುವ ಮೋರಿಗಳನ್ನು ಕಾಯಲು ಜನ ಬೇಕು. ಕಳೆ ಕೀಳುತ್ತಿದ್ದವರನ್ನೇ ಈ ಕೆಲಸಕ್ಕೆ ಕಾಯಂ ಆಗಿ, ಕೈಗವಸು, ಬೂಟು, ಆಸ್ಪತ್ರೆಯ ಸೌಕರ್ಯ ಕೊಟ್ಟು ತೆಗೆದುಕೊಳ್ಳಬೇಕು. ವರ್ಷವರ್ಷ ಟೆಂಡರಿಗೆ ಹೋಗುವ ಹಣದಲ್ಲಿ ಇದಕ್ಕೆ ಪಾಲು ಇಡಬಾರದೇಕೆ?

ಇದನ್ನೆಲ್ಲ ಸೇರಿಸಿ ಮಹಾನಗರಪಾಲಿಕೆಗೆ ಮನವಿಯೊಂದನ್ನು ಬರೆದಿದ್ದೇವೆ. ಸಹಿಗಾಗಿ ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಮನವಿ ಮರಾಠಿಯಲ್ಲಿದೆ, ಓದಲು ಬಾರದವರಿಗೆ ಕನ್ನಡದಲ್ಲಿ ಹೇಳಲು ಸಂಜೆ ಹೊತ್ತು ನಮ್ಮವರೊಬ್ಬರು ಅಲ್ಲಿರುತ್ತಾರೆ. ಪಾಳಿ ಮುಗಿಸಿ ತಡವಾಗಿ ಬರುವವರಿಗಾಗಿ ರಾತ್ರಿ ಹನ್ನೊಂದೂವರೆಯವರೆಗೂ ಬಾಗಿಲು ತೆರೆದಿರುತ್ತದೆ.