ಊರಿಗೊಂದು ತಂಡ

2025ರ ಆಗಸ್ಟ್ ತಿಂಗಳ ಕೊನೆಯಲ್ಲಿ ಮಂಗಳೂರಿನ ಹೆಸರಿಗೆ ಒಂದು ಕಪ್ ಸೇರಿತು. ಮಹಾರಾಜ ಟ್ರೋಫಿ ಕ್ರಿಕೆಟ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಮಂಗಳೂರು ಡ್ರ್ಯಾಗನ್ಸ್ ತಂಡ ಹುಬ್ಬಳ್ಳಿಯ ತಂಡವನ್ನು ಸೋಲಿಸಿತು. ಹೆಮ್ಮೆಪಡಬೇಕಾದ ವಿಷಯವೇ ಸರಿ. ಆದರೆ ಗೆದ್ದದ್ದು ಮೈಸೂರಿನ ಮೈದಾನದಲ್ಲಿ. 2022ರಲ್ಲಿ ಆರಂಭವಾದಂದಿನಿಂದ ಆ ವರ್ಷದವರೆಗೆ ಈ ಪಂದ್ಯಾವಳಿ ಬೆಂಗಳೂರು, ಮೈಸೂರುಗಳನ್ನು ಬಿಟ್ಟು ಹೊರಗೆ ಬಂದುದಿಲ್ಲ. ತಮ್ಮ ಊರಿನ ತಂಡವನ್ನು ಕಣ್ಣಾರೆ ಕಾಣಬೇಕೆಂದಿದ್ದ ಮಂಗಳೂರಿಗರು ಘಟ್ಟ ಹತ್ತಬೇಕಾಗಿತ್ತು. ಇಲ್ಲವೆ ಟೆಲಿವಿಷನ್ನಿನ ಮುಂದೆ ಕುಳಿತು ತೃಪ್ತಿಪಡಬೇಕಾಗಿತ್ತು.

ಹೆಸರು ಒಂದೂರಿನದು, ಆಟ ಇನ್ನೊಂದೂರಿನಲ್ಲಿ ಎಂಬ ಈ ಏರ್ಪಾಡು ಇಂದಿನ ವೃತ್ತಿಪರ ಕ್ರೀಡೆಯಲ್ಲಿ ವಿಚಿತ್ರವೆನಿಸುವುದಿಲ್ಲ. ಕಾಲ್ಚೆಂಡಿನಲ್ಲಂತೂ ಇದರ ಕಥೆ ಬಲು ಸ್ವಾರಸ್ಯವಾದುದು. ಹಿಂದೆ ಫುಟ್‌ಬಾಲ್ ಸಂಘಗಳು ಕೇರಿಯಲ್ಲಿಯೋ ಕಾರ್ಖಾನೆಯಲ್ಲಿಯೋ ದಂಡಿನ ಪ್ರದೇಶದಲ್ಲಿಯೋ ಹುಟ್ಟಿ, ಸೋತು ಗೆದ್ದು ಮೇಲೇರುತ್ತಿದ್ದವು. ಈಗ ಲೀಗ್ ನಡೆಸುವವರು ಇನ್ನೆರಡು ಸ್ಥಾನ ಖಾಲಿ ಇವೆಯೆಂದು ಸಾರುತ್ತಾರೆ. ಊರುಗಳು ವಧುಪರೀಕ್ಷೆಗೆ ಅಣಿಯಾದಂತೆ ಶೃಂಗರಿಸಿಕೊಂಡು ಮುಂದೆ ಬರುತ್ತವೆ. ಆಗ ವಿಚಾರಿಸುವುದು ಹಣವಂತ ಒಡೆಯನಿದ್ದಾನೆಯೆ, ಕ್ರೀಡಾಂಗಣವಿದೆಯೆ, ಟಿಕೆಟು ಕೊಳ್ಳುವ ಜನರಿದ್ದಾರೆಯೆ ಎಂಬುದನ್ನು. ಆಟಗಾರರ ಮಾತು ಆಮೇಲಿನದು.

ಈ ಸ್ಪರ್ಧೆ ಅತಿಯಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿನ ಮೇಜರ್ ಲೀಗಿಗೆ 2007ರಲ್ಲಿ ಕೆನಡಾದ ಟೊರಾಂಟೊ ಸೇರಿದಾಗ ತೆತ್ತ ಪ್ರವೇಶಧನ 1 ಕೋಟಿ ಡಾಲರು. 2023ರಲ್ಲಿ ಸ್ಯಾನ್ ಡಿಯಾಗೊ ನಗರದ ಪಾಲಿಗೆ ಅದು 50 ಕೋಟಿ ಡಾಲರಾಯಿತು. 2017ರ ಜನವರಿಯಲ್ಲಿ ನಾಲ್ಕು ಸ್ಥಾನಗಳಿಗಾಗಿ ಹನ್ನೆರಡು ಕಡೆಗಳಿಂದ ಅರ್ಜಿ ಬಂದವು. ಅವುಗಳಲ್ಲಿ ಸೇಂಟ್ ಲೂಯಿ ನಗರದ ಮತದಾರರು ಕ್ರೀಡಾಂಗಣಕ್ಕೆ ಸಾರ್ವಜನಿಕರ ಹಣ ಕೊಡುವುದಿಲ್ಲವೆಂದು ಅದೇ ಏಪ್ರಿಲಿನಲ್ಲಿ ಮತ ಹಾಕಿದರು. ಅಷ್ಟಕ್ಕೆ ಕಥೆ ಮುಗಿಯಿತೆಂದುಕೊಂಡವರೇ ಹೆಚ್ಚು. ಆದರೆ 2019ರಲ್ಲಿ ಆ ನಗರಕ್ಕೆ ಸ್ಥಾನ ಸಿಕ್ಕಿತು. ಕ್ರೀಡಾಂಗಣದ ವೆಚ್ಚದ ಬಹುಭಾಗವನ್ನು ಒಡೆಯರೇ ಹೊತ್ತರು. ಅದೇ ವರ್ಷ ಸ್ಥಾನ ಪಡೆದ ಸ್ಯಾಕ್ರಮೆಂಟೊ ನಗರಕ್ಕೆ ಒದಗಿದ್ದು ಬೇರೆಯೇ ಗತಿ. 2021ರಲ್ಲಿ ಮುಖ್ಯ ಬಂಡವಾಳಗಾರ ಹಿಂದೆ ಸರಿದ. ತಾಂಬೂಲ ಬದಲಾಯಿಸಿದ ಮೇಲೆ ಮದುವೆ ಮುರಿದುಬಿದ್ದಿತು.

ಇಂಥದೇ ಅನುಭವ ಬೆಂಗಳೂರಿಗೂ ಉಂಟು. ಕಾಲ್ಚೆಂಡಿಗೆ ಬೆಂಗಳೂರು ಹೊಸ ಊರೇನಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಸೈನ್ಯದ ತಂಡಗಳದೇ ಸೊತ್ತಾಗಿದ್ದ ಆ ಕಪ್ಪು ಭಾರತೀಯರ ಕೈಗೆ ಬಂದದ್ದು ಅದೇ ಮೊದಲು. ಸಂತೋಷ್ ಟ್ರೋಫಿಯನ್ನು ಹಳೆಯ ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದಿತ್ತು. ಇಷ್ಟಾದರೂ ಇಲ್ಲಿಯ ಒಳ್ಳೆಯ ಆಟಗಾರರು ಹೊಟ್ಟೆಪಾಡಿಗೂ ಹೆಸರಿಗೂ ಕಲ್ಕತ್ತೆಯ ದಾರಿ ಹಿಡಿಯುತ್ತಿದ್ದರು. ಒಲಿಂಪಿಕ್ಸ್ ಆಡಿದ ಅಹಮದ್ ಖಾನ್ ಬೆಂಗಳೂರಿನವರು. ಹೆಸರಾದದ್ದು ಈಸ್ಟ್ ಬೆಂಗಾಲಿನ ಅಂಗಿಯಲ್ಲಿ.

2013ರಲ್ಲಿ ರಾಷ್ಟ್ರೀಯ ಐ-ಲೀಗ್ ಉದ್ಯಮಸಂಸ್ಥೆಗಳಿಗೆ ನೇರವಾಗಿ ಬಾಗಿಲು ತೆರೆದಾಗ ಜೆ.ಎಸ್.ಡಬ್ಲ್ಯು. ಸಂಸ್ಥೆ ಬೆಂಗಳೂರು ಎಫ್.ಸಿ.ಯನ್ನು ಕಟ್ಟಿತು. ಮಾರನೆಯ ಏಪ್ರಿಲ್ ತಿಂಗಳು ಈ ಊರಿನ ಪಾಲಿಗೆ ಚಮತ್ಕಾರದ ತಿಂಗಳು. ಹೊಸದಾಗಿ ಹುಟ್ಟುತ್ತಿದ್ದ ಇಂಡಿಯನ್ ಸೂಪರ್ ಲೀಗ್ ಒಂಬತ್ತು ನಗರಗಳ ಪೈಕಿ ಎಂಟನ್ನು ಆರಿಸಿತು. ಬೆಂಗಳೂರು ಒಳಗೆ, ಚೆನ್ನೈ ಹೊರಗೆ. ವಾರ ಕಳೆಯುವಷ್ಟರಲ್ಲಿ ಬೆಂಗಳೂರು ಎಫ್.ಸಿ. ಮೊದಲ ವರ್ಷದಲ್ಲಿಯೇ ಐ-ಲೀಗ್ ಗೆದ್ದಿತು. ಆದರೆ ಸೂಪರ್ ಲೀಗಿನ ಬೆಂಗಳೂರು ಸ್ಥಾನವನ್ನು ಪಡೆದಿದ್ದುದು ಬೇರೊಂದು ಸಂಸ್ಥೆ. ಅದು ಆಟ ಆರಂಭವಾಗುವ ಮೊದಲೇ ಕೈಬಿಟ್ಟಿತು. ಖಾಲಿಯಾದ ಸ್ಥಾನ ಚೆನ್ನೈಗೆ ಹೋಯಿತು. ದೇಶದ ಚಾಂಪಿಯನ್ನರಿದ್ದ ಊರಿಗೆ ದೇಶದ ಶ್ರೀಮಂತ ಲೀಗಿನಲ್ಲಿ ಜಾಗವಿರಲಿಲ್ಲ!

2017ರಲ್ಲಿ ಸೂಪರ್ ಲೀಗ್ ಮತ್ತೆ ಸ್ಥಾನಗಳನ್ನು ಹೆಚ್ಚಿಸಿತು. ಹತ್ತು ನಗರಗಳ ಪಟ್ಟಿಯಲ್ಲಿ ಹೈದರಾಬಾದು, ಅಹಮದಾಬಾದು, ಕಟಕ್, ತಿರುವನಂತಪುರ ಮೊದಲಾದುವು ಇದ್ದವು. ಆಯ್ಕೆಯಾದದ್ದು ಬೆಂಗಳೂರು ಮತ್ತು ಜಮ್‌ಷೆಡ್‌ಪುರ. ಮುಂದಿನ ಮಾರ್ಚಿನಲ್ಲಿ ಬೆಂಗಳೂರು ಅಂತಿಮ ಪಂದ್ಯವನ್ನೂ ಮುಟ್ಟಿತು. ಕಂಠೀರವ ಕ್ರೀಡಾಂಗಣದಲ್ಲಿ, ಸ್ವಂತ ಜನರ ಕಣ್ಣೆದುರಿನಲ್ಲಿ, 3–2 ಗೋಲುಗಳಿಂದ ಸೋತಿತು. ಸೋಲಿಸಿದವರು ಯಾರೆಂದು ಓದುಗರು ಊಹಿಸಿರಬಹುದು: ಬೆಂಗಳೂರು ಬಿಟ್ಟ ಜಾಗದಲ್ಲಿ ಬಂದು ಕುಳಿತ ಚೆನ್ನೈ. 2019ರಲ್ಲಿ ಗೋವೆಯನ್ನು ಮಣಿಸಿ ಪ್ರಶಸ್ತಿ ಪಡೆದಾಗಲಷ್ಟೆ ಆ ಉರಿ ಆರಿತು.

ಈ ಆಯ್ಕೆಯಲ್ಲಿ ಬೆಂಗಳೂರಿಗಿಂತ ಜಮ್‌ಷೆಡ್‌ಪುರದ ಉದಾಹರಣೆಯೇ ವಿಚಾರಾರ್ಹ. ಪಟ್ಟಿಯಲ್ಲಿದ್ದ ಎಷ್ಟೋ ನಗರಗಳಿಗಿಂತ ಚಿಕ್ಕದು ಅದು. ಆದರೆ ಟಾಟಾ ಸಂಸ್ಥೆ 1987ರಿಂದಲೇ ಅಲ್ಲಿ ಫುಟ್‌ಬಾಲ್ ಅಕಾಡೆಮಿ ನಡೆಸುತ್ತಿತ್ತು, ಕ್ರೀಡಾಂಗಣವೂ ಸಿದ್ಧವಾಗಿತ್ತು. ತಂಡ ಬಂದದ್ದು ಮೂವತ್ತು ವರ್ಷಗಳ ತರುವಾಯ. ಬರಿಯ ಹಣದಿಂದ ಬಂದುದು ಹಣ ಬೇರೆಡೆಗೆ ತಿರುಗಿದಾಗ ಹೊರಟುಹೋಗುತ್ತದೆ. 2019ರಲ್ಲಿ ಪುಣೆಯ ತಂಡ ಮುಚ್ಚಿ ಅದರ ಸ್ಥಾನ ಹೈದರಾಬಾದಿಗೆ ಹೋಯಿತು. ದಿಲ್ಲಿಯ ತಂಡ ಭುವನೇಶ್ವರಕ್ಕೆ ಗಂಟುಮೂಟೆ ಕಟ್ಟಿತು. ಪುಣೆಯ ಮಕ್ಕಳು ಹಾಕಿಕೊಳ್ಳುತ್ತಿದ್ದ ಬಣ್ಣದ ಅಂಗಿಗಳು ಏನಾದವೋ, ಯಾವ ಒಡೆಯನೂ ಕೇಳಿದಂತಿಲ್ಲ.

ಮೈದಾನವಿಲ್ಲದೆ ಸ್ಥಾನ ಪಡೆದವರ ಪಾಡು ಇನ್ನೊಂದು ಬಗೆಯದು. 2023ರಲ್ಲಿ ಐ-ಲೀಗಿಗೆ ನೇರ ಪ್ರವೇಶ ಪಡೆದ ವಾರಾಣಸಿಯ ಇಂಟರ್ ಕಾಶಿ ತಂಡ ತನ್ನ ‘ತವರಿನ’ ಪಂದ್ಯಗಳನ್ನು ಆಡಿದ್ದು ಬಂಗಾಳದ ಕಲ್ಯಾಣಿಯಲ್ಲಿ. ಅದೇ ವರ್ಷ ಪ್ರವೇಶ ಪಡೆದ ನಾಮಧಾರಿ ತಂಡದ ನೆಲೆ ಪಂಜಾಬಿನ ಭೈಣಿ ಸಾಹಿಬ್ ಎಂಬ ಹಳ್ಳಿ. ಹಳ್ಳಿಯಲ್ಲಿ ಕ್ರೀಡಾಂಗಣವಿತ್ತು, ರಾಷ್ಟ್ರೀಯ ಲೀಗಿನ ತಂಡಗಳು ಅಲ್ಲಿಗೇ ಹೋಗಿ ಆಡಿದವು.

ಮಂಗಳೂರಿಗೆ ಇನ್ನೂ ಹತ್ತಿರದ ನಿದರ್ಶನ ಕಣ್ಣೂರು. ಕಾಸರಗೋಡು ದಾಟಿ ರೈಲಿನಲ್ಲಿ ಮುಂದೆ ಹೋದರೆ ಸಿಗುವ ಈ ಊರು 2024ರಲ್ಲಿ ಆರಂಭವಾದ ಸೂಪರ್ ಲೀಗ್ ಕೇರಳದ ಆರು ತಂಡಗಳಲ್ಲಿ ಒಂದನ್ನು ಪಡೆಯಿತು. ಮೊದಲ ವರ್ಷ ಕಣ್ಣೂರು ವಾರಿಯರ್ಸ್ ತವರಿನ ಪಂದ್ಯಗಳನ್ನು ಕೋಳಿಕ್ಕೋಡಿನಲ್ಲಿ ಆಡಬೇಕಾಯಿತು. 2025ರಲ್ಲಿ ಊರಿನ ಜವಾಹರ್ ಕ್ರೀಡಾಂಗಣ ಸಿದ್ಧವಾಗಿ ತಂಡ ಮನೆಗೆ ಬಂದಿತು. ಹೆಸರಿಗೂ ಊರಿಗೂ ನಡುವಿನ ಅಂತರ ಒಂದೇ ವರ್ಷದಲ್ಲಿ ಕಳೆಯಿತು.

ಮಂಗಳೂರಿನಲ್ಲಿ ಕಾಲ್ಚೆಂಡಿಗೆ ಆಸ್ಥೆಯ ಕೊರತೆಯಿಲ್ಲ. ಸ್ವಾತಂತ್ರ್ಯೋತ್ಸವದ ದಿನಗಳಲ್ಲಿ ನೆಹರೂ ಮೈದಾನದಲ್ಲಿ ಶಾಲಾ ಮಕ್ಕಳ ಪಂದ್ಯಗಳು ನಡೆಯುವಾಗ ಮಳೆ ಸುರಿಯುತ್ತಲೇ ಇರುತ್ತದೆ. ಚೆಂಡು ಯಾವುದು, ಕೆಸರಿನ ಮುದ್ದೆ ಯಾವುದು ಎಂದು ನೋಡುವವರಿಗೆ ತಿಳಿಯದು, ಆಡುವವರಿಗೆ ಮಾತ್ರ ತಿಳಿಯುತ್ತದೆ. ನಗರದ ಅಂಚಿನ ವಾಮಂಜೂರಿನಿಂದ ಅಲ್ಲಿಗೆ ಬರಲು ಒಂದು ಬಸ್ಸು ಸಾಕು. ಆದರೆ ಹದಿನೆಂಟು ತುಂಬಿದ ಮೇಲೆಯೂ ಆಟವನ್ನೇ ನೆಚ್ಚುವೆನೆನ್ನುವ ವಾಮಂಜೂರಿನ ಹುಡುಗನಿಗೆ ಆ ಬಸ್ಸು ಸಾಲದು. ಬೆಂಗಳೂರಿನ ರಾತ್ರಿಯ ಬಸ್ಸು ಬೇಕಾಗುತ್ತದೆ. ತಾಯಿತಂದೆಗಳು ಆ ಖರ್ಚನ್ನು ಎಂಜಿನಿಯರಿಂಗ್ ಕಾಲೇಜಿನ ಶುಲ್ಕದೊಡನೆ ಹೋಲಿಸಿ ನೋಡುತ್ತಾರೆ. ಅವರನ್ನು ತಪ್ಪೆನ್ನುವಂತಿಲ್ಲ, ಎಂಜಿನಿಯರಿಂಗ್ ಕಾಲೇಜು ವಾಮಂಜೂರಿನಲ್ಲಿಯೇ ಇದೆ.

ನಾಳೆ ಯಾವನಾದರೂ ಉದ್ಯಮಿ ಮಂಗಳೂರಿನ ಹೆಸರಿನಲ್ಲಿ ಫುಟ್‌ಬಾಲ್ ತಂಡವನ್ನು ಕೊಳ್ಳಲು ಮುಂದೆ ಬಂದರೆ ಊರಿನವರು ಹಾರ ಹಾಕುವುದು ಸಹಜ. ಹಾರ ಹಾಕುವ ಮೊದಲು ವಿಚಾರಿಸಬೇಕಾದುದು ತಂಡದ ಲಾಂಛನವನ್ನಲ್ಲ. ಆಟ ನಡೆಯುವುದು ಎಲ್ಲಿ? ಆ ಮೈದಾನಕ್ಕೆ ಮಳೆಗಾಲದ ನೀರು ಬಸಿದುಹೋಗುವ ಏರ್ಪಾಡುಂಟೆ? ಸಂಜೆಯ ಅಭ್ಯಾಸಕ್ಕೆ ದೀಪವುಂಟೆ? ಪಂದ್ಯವಿಲ್ಲದ ದಿನ ಅದರ ಗೇಟು ಶಾಲೆಯ ಹುಡುಗರಿಗೆ ತೆರೆದಿರುತ್ತದೆಯೆ, ಬೀಗದ ಕೈ ಯಾರ ಬಳಿ ಇರುತ್ತದೆ?